ಊದಿಕೊಂಡ ಐಪಾಡ್ ಬ್ಯಾಟರಿಗೆ ಸೂಜಿ ಚುಚ್ಚಿದರೆ ಸರಿಹೋಗುತ್ತದೆಯೇ?

ಹಳೆಯ ಐಪಾಡ್, ಎಂಪಿ3 ಪ್ಲೇಯರ್‌ಗಳು ಮತ್ತೆ ಕಪಾಟಿನಿಂದ ಹೊರಬರುತ್ತಿವೆ. ಅವುಗಳ ಜೊತೆಗೆ ಸಲಹೆಗಳೂ ಓಡಾಡುತ್ತಿವೆ: ‘ಚಾರ್ಜ್ ನಿಲ್ಲದಿದ್ದರೆ ಬ್ಯಾಟರಿಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ’, ‘ಉಬ್ಬಿದ್ದರೆ ಸೂಜಿಯಿಂದ ಚುಚ್ಚಿ ಗಾಳಿ ತೆಗೆಯಿರಿ’. ಇವುಗಳಲ್ಲಿ ಮೊದಲನೆಯದು ಉಪಯೋಗಕ್ಕೆ ಬಾರದ್ದು. ಎರಡನೆಯದು ಮನೆಗೆ ಬೆಂಕಿ ಹಚ್ಚಬಲ್ಲದ್ದು. ಏಕೆ ಎಂದು ನೋಡೋಣ.

ಬ್ಯಾಟರಿ ಸೊರಗುವುದು ಏಕೆ?

ಐಪಾಡ್‌ನಲ್ಲಿರುವುದು ಲಿಥಿಯಂ ಬ್ಯಾಟರಿ. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಒಂದು ಪದರದಿಂದ ಇನ್ನೊಂದಕ್ಕೆ ಹೋಗುತ್ತವೆ, ಹಾಡು ಕೇಳುವಾಗ ಹಿಂದಿರುಗುತ್ತವೆ. ಪ್ರತಿ ಸಲವೂ ಒಂದಿಷ್ಟು ಲಿಥಿಯಂ ಒಳಗಿನ ರಾಸಾಯನಿಕ ಕ್ರಿಯೆಗಳಲ್ಲಿ ಸಿಕ್ಕಿಬಿದ್ದು ಕೆಲಸಕ್ಕೆ ಸಿಗದಂತಾಗುತ್ತದೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಬ್ಯಾಟರಿಯ ಸಾಮರ್ಥ್ಯ ಶೇ 80ರ ಆಸುಪಾಸಿಗೆ ಇಳಿಯುತ್ತದೆ. ಬಳಸದೆ ಇಟ್ಟರೂ ವಯಸ್ಸಾಗುವುದು ನಿಲ್ಲುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರಂತೂ ಇನ್ನೂ ಬೇಗ ಹಾಳಾಗುತ್ತದೆ.

ಫ್ರೀಜರ್ ಸಲಹೆ ಬಂದದ್ದೆಲ್ಲಿಂದ? ತಂಪಿನಲ್ಲಿ ರಾಸಾಯನಿಕ ಕ್ರಿಯೆಗಳು ನಿಧಾನವಾಗುತ್ತವೆ. ಹಾಗಾಗಿ ಹಿಂದಿನ ನಿಕಲ್ ಬ್ಯಾಟರಿಗಳು ತಂಪಿನಲ್ಲಿದ್ದರೆ ಸುಮ್ಮನೆ ಚಾರ್ಜ್ ಕಳೆದುಕೊಳ್ಳುವುದು ಕಡಿಮೆಯಾಗುತ್ತಿತ್ತು. ಆದರೆ ಸಿಕ್ಕಿಬಿದ್ದ ಲಿಥಿಯಂ ಅನ್ನು ತಂಪು ಬಿಡಿಸಲಾರದು. ಹೊರತೆಗೆದ ಕೂಡಲೇ ಪ್ಲೇಯರ್ ಮೇಲೆ ನೀರಿನ ಪಸೆ ಕೂರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಬ್ಯಾಟರಿ ಮತ್ತಷ್ಟು ಹಾಳಾಗುತ್ತದೆ.

ಸೂಜಿ ಏಕೆ ಅಪಾಯ?

ಬ್ಯಾಟರಿಯೊಳಗಿನ ದ್ರಾವಣ ಒಡೆದಾಗ ಅನಿಲ ಹುಟ್ಟುತ್ತದೆ, ಚೀಲ ಊದಿಕೊಳ್ಳುತ್ತದೆ. ಅದು ಬಲೂನಿನೊಳಗಿನ ಬರೀ ಗಾಳಿಯಲ್ಲ, ಉರಿಯಬಲ್ಲ ಅನಿಲ. ಒಳಗೆ ಪ್ಲಸ್ ಮತ್ತು ಮೈನಸ್ ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ ಮಾತ್ರ. ಸೂಜಿ ಆ ಹಾಳೆಯನ್ನು ತೂರಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ, ಬಿಸಿ ಏರುತ್ತದೆ. ಆ ಬಿಸಿಯಿಂದ ಇನ್ನಷ್ಟು ಬಿಸಿ ಹುಟ್ಟುತ್ತಾ ಕೆಲವೇ ಕ್ಷಣಗಳಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು.

ಇದು ಹೆದರಿಸಲು ಹೇಳುವ ಮಾತಲ್ಲ. 2005ರ ಸೆಪ್ಟೆಂಬರ್‌ನಿಂದ 2006ರ ಡಿಸೆಂಬರ್‌ವರೆಗೆ ಮಾರಾಟವಾದ ಮೊದಲ ತಲೆಮಾರಿನ ಐಪಾಡ್ ನ್ಯಾನೋಗಳಲ್ಲಿ ಬ್ಯಾಟರಿ ಅತಿಯಾಗಿ ಬಿಸಿಯಾಗುವ ಅಪಾಯವಿದೆ ಎಂದು ಆಪಲ್ 2011ರ ನವೆಂಬರ್‌ನಲ್ಲಿ ತಾನೇ ಪ್ರಕಟಿಸಿ, ಅವುಗಳನ್ನು ಬದಲಿಸಿಕೊಡುವ ಯೋಜನೆ ತಂದಿತ್ತು. ಯಾರೂ ಚುಚ್ಚದಿದ್ದಾಗಲೇ ಈ ಪಾಡು.

ತಪ್ಪು ಬ್ಯಾಟರಿಯದ್ದೇ?

ಬದಲಿಸುವ ಮೊದಲು ಇಷ್ಟನ್ನು ನೋಡಿ.

1. ಕೈಯಿಂದ ಮುಟ್ಟಿ, ಪಕ್ಕದಿಂದ ನೋಡಿ. ಸ್ಕ್ರೀನ್ ಮೇಲೆದ್ದಿದೆಯೇ, ಹಿಂಭಾಗ ಉಬ್ಬಿದೆಯೇ, ಮೇಜಿನ ಮೇಲಿಟ್ಟರೆ ತೂಗಾಡುತ್ತದೆಯೇ? ಹೌದಾದರೆ ಪರೀಕ್ಷೆ ಇಲ್ಲಿಗೇ ಸಾಕು, ಚಾರ್ಜ್‌ಗೆ ಹಾಕಲೇಬೇಡಿ.

2. ಉಬ್ಬಿಲ್ಲದಿದ್ದರೆ ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿ ನೋಡಿ. ಚಾರ್ಜಿಂಗ್ ಕಿಂಡಿಯಲ್ಲಿ ಧೂಳು ಕೂತಿರಬಹುದು.

3. ಐಪಾಡ್ ಕ್ಲಾಸಿಕ್‌ನಂಥ ಚಕ್ರವಿರುವ ಮಾದರಿಯಾದರೆ ಹೋಲ್ಡ್ ಸ್ವಿಚ್ ಒಮ್ಮೆ ಸರಿಸಿ ಹಿಂದಕ್ಕೆ ತನ್ನಿ. ಮೆನು ಮತ್ತು ನಡುವಿನ ಬಟನ್ ಎರಡನ್ನೂ ಸುಮಾರು 8 ಸೆಕೆಂಡ್ ಒತ್ತಿ ಹಿಡಿಯಿರಿ. ‘ಸತ್ತುಹೋಯಿತು’ ಅಂದುಕೊಂಡದ್ದು ಎಷ್ಟೋ ಸಲ ಬರೀ ಹ್ಯಾಂಗ್ ಆಗಿರುತ್ತದೆ.

4. ಪೂರ್ತಿ ಚಾರ್ಜ್ ಮಾಡಿ, ಸ್ಕ್ರೀನ್ ಆರಿಸಿ, ಹಾಡು ಹಾಕಿ, ಗಡಿಯಾರ ನೋಡಿ. 2005ರ 30 ಜಿಬಿ ಐಪಾಡ್‌ಗೆ ಕಂಪನಿ ಹೇಳಿದ್ದು 14 ಗಂಟೆ. ಅದು ಎರಡು ಗಂಟೆಯಲ್ಲೇ ನಿಂತರೆ, ಅರ್ಧ ಚಾರ್ಜ್ ತೋರಿಸುತ್ತಲೇ ಆಫ್ ಆದರೆ, ಅಥವಾ ವೈರ್ ಚುಚ್ಚಿದ್ದಾಗ ಮಾತ್ರ ಹಾಡಿದರೆ ಬ್ಯಾಟರಿಯೇ ಮುಗಿದಿದೆ ಎನ್ನಬಹುದು.

ಪೂರ್ತಿ ಸತ್ತ ಬ್ಯಾಟರಿಗೆ ಬೇರೆ ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟು ‘ಎಬ್ಬಿಸುವ’ ವಿಡಿಯೋಗಳೂ ಇವೆ. ಅದನ್ನು ಮಾಡಬೇಡಿ. ತೀರಾ ಖಾಲಿಯಾದ ಬ್ಯಾಟರಿಯ ಒಳಗೆ ಆಗಲೇ ಹಾನಿಯಾಗಿರುತ್ತದೆ, ಬಲವಂತದ ಚಾರ್ಜ್ ತಡೆಯುವ ಶಕ್ತಿ ಅದಕ್ಕಿರುವುದಿಲ್ಲ.

ಬದಲಿಸುವಾಗ

ರಿಪೇರಿ ಕೆಲಸ ಬಲ್ಲವರ ಕೈಗೆ ಕೊಡುವುದು ಒಳ್ಳೆಯದು. ನೀವೇ ಮಾಡುವುದಾದರೆ ಮೊದಲು ಚಾರ್ಜ್ ಅನ್ನು ಕಾಲು ಭಾಗಕ್ಕಿಂತ ಕಡಿಮೆಗೆ ಇಳಿಸಿ. ತೆರೆಯಲು ಪ್ಲಾಸ್ಟಿಕ್ ಪಟ್ಟಿ ಬಳಸಿ, ಚಾಕು, ಸ್ಕ್ರೂಡ್ರೈವರ್ ಬೇಡ. ಮುಚ್ಚಳವನ್ನು ಒಮ್ಮೆಲೇ ಎಳೆಯಬೇಡಿ: ಎರಡೂ ಭಾಗಗಳನ್ನು ಕಾಗದದಷ್ಟು ತೆಳುವಾದ ಪಟ್ಟಿ ವೈರ್‌ಗಳು ಜೋಡಿಸಿರುತ್ತವೆ, ಹರಿದರೆ ಪ್ಲೇಯರ್ ಕೆಲಸಕ್ಕೆ ಬಾರದು. ಉಬ್ಬಿದ ಬ್ಯಾಟರಿ ಒಳಗೆ ಅಂಟಿಕೊಂಡಿದ್ದರೆ ಮೀಟಲು ಹೋಗಬೇಡಿ, ಅಂಗಡಿಗೇ ಒಯ್ಯಿರಿ.

ಹೊಸದು ನಿಮ್ಮ ಮಾದರಿಯದ್ದೇ ಆಗಿರಲಿ. ವೋಲ್ಟೇಜ್ (ಸಾಮಾನ್ಯವಾಗಿ 3.7), ಅಳತೆ, ಕನೆಕ್ಟರ್ ಮೂರೂ ಹೊಂದಬೇಕು. ಅದೇ ಅಳತೆಯಲ್ಲಿ ‘ಎರಡು ಪಟ್ಟು ಸಾಮರ್ಥ್ಯ’ ಎಂದು ಬರೆದಿದ್ದರೆ ನಂಬಬೇಡಿ. ಮೊದಲ ಸಲ ಚಾರ್ಜ್ ಮಾಡುವಾಗ ಕಣ್ಣೆದುರಿಗೇ ಇರಲಿ, ಹಾಸಿಗೆ ಮೇಲೆ ಬೇಡ. ಮುಟ್ಟಲಾಗದಷ್ಟು ಬಿಸಿಯಾದರೆ ವೈರ್ ತೆಗೆಯಿರಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧ ಚಾರ್ಜ್ ಇಟ್ಟು ತಂಪಾದ, ಒಣ ಜಾಗದಲ್ಲಿಡಿ.

ಹಳೆಯ ಬ್ಯಾಟರಿ ಏನು ಮಾಡಬೇಕು?

ಮನೆಯ ಕಸಕ್ಕೆ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿಹೋದರೆ ಸೂಜಿ ಚುಚ್ಚಿದಂತೆಯೇ ಆಗುತ್ತದೆ, ಅಪಾಯ ಪೌರಕಾರ್ಮಿಕರಿಗೆ. ತುದಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆ ತಯಾರಕರ ಹೊಣೆ. ಉಬ್ಬಿದ್ದರೆ ಕೊಡುವವರೆಗೆ ಮಣ್ಣಿನ ಕುಂಡದಲ್ಲಿ ಒಣ ಮರಳಿನ ಮೇಲೆ, ಮಕ್ಕಳ ಕೈಗೆ ಸಿಗದಂತೆ, ಮನೆಯಿಂದ ಹೊರಗೆ ನೆರಳಿನಲ್ಲಿಡಿ.

ಒಟ್ಟಿನಲ್ಲಿ, ಸೊರಗಿದ ಬ್ಯಾಟರಿಗೆ ಮನೆಮದ್ದಿಲ್ಲ, ಬದಲಿಸುವುದೊಂದೇ ದಾರಿ. ಸೂಜಿಯ ಸಲಹೆ ನಿಮ್ಮ ಗ್ರೂಪಿಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.