ನಿಂತ ಜಾಗವೇ ನಿಧಿ

"ಅಪ್ಪಾ, ಅಲ್ನೋಡು, ಬುದ್ಧ ಮಲಗ್ಯಾನ!"

ಯಾದಗಿರಿಯಿಂದ ಬೆಳಗಿನ ಜಾವ ಹೊರಟ ನಮ್ಮ ಗಾಡಿಯ ಹಿಂದಿನ ಸೀಟಿನಿಂದ ಮಗಳ ಕೂಗು. ಶಹಾಪುರದ ನಾಲ್ಕು ಗುಡ್ಡಗಳು ಒಂದಕ್ಕೊಂದು ಕೂಡಿಕೊಂಡು ಹಣೆ, ಮೂಗು, ಎದೆ, ಕಾಲಾಗಿ ಬಾನಿಗೆ ಮುಖಮಾಡಿ ಮಲಗಿದ್ದವು! ತುಸು ಮುಂದೆ ಹೋದೆವು. ಬುದ್ಧ ಮಾಯ, ಬರೀ ಬಂಡೆ. ಹಿಂದಕ್ಕೆ ಬಂದೆವು. ಮತ್ತೆ ಬುದ್ಧ!

ನಾವು ಹೊರಟಿದ್ದು ಜಿಯೋಕ್ಯಾಶಿಂಗ್ ಆಡಲು. ಅಕ್ಷಾಂಶ, ರೇಖಾಂಶದ ಅಂಕಿ ಹಿಡಿದು, ಜಿಪಿಎಸ್ ತೋರಿಸಿದ ಕಡೆ ನಡೆದು, ಬಚ್ಚಿಟ್ಟದ್ದನ್ನು ಹುಡುಕುವ ಆಟ. ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕು ಮಾಡಿಟ್ಟಿದ್ದ ಕಾಲವಿತ್ತು. 2000ದ ಮೇ ಮೊದಲ ವಾರದಲ್ಲಿ ಆ ಮಸುಕು ಸರಿಯಿತು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಆರೆಗಾನ್‌ನಲ್ಲಿ ಒಂದು ಬಕೆಟ್ ಅಡಗಿಸಿಟ್ಟು ಅದರ ಅಂಕಿಗಳನ್ನು ಜಗತ್ತಿಗೆ ಸಾರಿದ. ಒಳಗೆ ಹೆಸರು ಬರೆಯಲೊಂದು ಪುಸ್ತಕ, ಪೆನ್ಸಿಲ್, ಒಂದು ಡಬ್ಬಿ ಬೀನ್ಸ್ ಕೂಡ! ಈಗ ಡಬ್ಬಿಯೇ ಇಲ್ಲದ 'ಅರ್ಥ್‌ಕ್ಯಾಶ್' ಎಂಬ ಬಗೆಯೂ ಇದೆ. ಅಲ್ಲಿ ನೆಲವೇ ನಿಧಿ.

ನಮ್ಮ ಅಂಕಿ: ಉತ್ತರಕ್ಕೆ 16 ಡಿಗ್ರಿ ಚಿಲ್ಲರೆ, ಪೂರ್ವಕ್ಕೆ 76 ಡಿಗ್ರಿ ಚಿಲ್ಲರೆ. ಶಹಾಪುರದ ಮಗ್ಗುಲ ವಿಭೂತಿಹಳ್ಳಿ!

ಮೊದಲಿಗೆ ಕಂಡದ್ದು ಬಯಲಲ್ಲಿ ಚೆದುರಿದ ಗುಂಡುಕಲ್ಲುಗಳು. ಒಂದನ್ನು ಮುಟ್ಟಿದೆ. ಒಂದು ಮಗ್ಗುಲು ಬಿಸಿಲಿಗೆ ಬೆಚ್ಚಗೆ, ಇನ್ನೊಂದು ತಣ್ಣಗೆ, ಮೈತುಂಬ ಬೂದುಬಣ್ಣದ ಕಲ್ಲುಹೂವು. ಅಷ್ಟರಲ್ಲಿ ಮಗಳು ಓಡಿ ಒಂದು ಕಲ್ಲಿನ ಹಿಂದೆ ನಿಂತಳು. "ಅಪ್ಪಾ, ಇಲ್ಲಿ ಬಂದು ನಿಂದ್ರು! ಕಲ್ಲೆಲ್ಲ ಸಾಲ್ ಹಿಡದಾವ!"

ಹೋಗಿ ನಿಂತೆ. ಮೈ ಜುಮ್ಮೆಂದಿತು. ಒಂದರ ಹಿಂದೊಂದು, ನೇಗಿಲ ಸಾಲಿನಂತೆ ನೆಟ್ಟಗೆ! ಪಕ್ಕಕ್ಕೆ ತಿರುಗಿದರೆ ಇನ್ನೊಂದು ಸಾಲು, ಓರೆಗೆ ಮತ್ತೊಂದು! ಬೃಹತ್ ಶಿಲಾಯುಗದ ಜನ ಇವನ್ನು ತಂದು ಜೋಡಿಸಿದ್ದಾರೆ. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಈ ಸಾಲುಗಳಲ್ಲಿ ಸೂರ್ಯನ ಹುಟ್ಟು-ಮುಳುಗಿನ ದಿಕ್ಕುಗಳನ್ನು ಅರಸಿದರು. ನನ್ನ ಫೋನಿಗೆ ದಾರಿ ಹೇಳಲು 20,000 ಕಿ.ಮೀ. ಮೇಲಿನ ಉಪಗ್ರಹಗಳು ಬೇಕು. ಈ ಕಲ್ಲು ಜೋಡಿಸಿದವರಿಗೆ ಬಾನೇ ಸಾಕಾಗಿತ್ತೇನೋ!

ಈ ಸೀಮೆಯ ಇಂಥ ಕಲ್ಲುಗಳನ್ನು 1850ರ ದಶಕದಲ್ಲೇ ಬರೆದಿಟ್ಟವನು ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅಲ್ಲಿನ ಬಾಲರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎನ್ನುತ್ತಿದ್ದ. ಸುರಪುರದ ಗುಡ್ಡದ ಮೇಲೆ ಇಂದಿಗೂ ಟೇಲರ್ ಮಂಜಿಲ್ ಇದೆ. ಮಧ್ಯಾಹ್ನ ಅಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿದಾಗ, ಬಂಡೆಗಳ ಈ ನಾಡು ಅವನ ಕಣ್ಣನ್ನು ಹೇಗೆ ಹಿಡಿದಿಟ್ಟಿತೆಂದು ತಿಳಿಯಿತು.

ವಿಭೂತಿಹಳ್ಳಿ ಪುರಾತತ್ವ ಇಲಾಖೆ ಕಾಯುವ ನೆಲ. ಅಲ್ಲಿ ಏನನ್ನೂ ಹೂಳುವಂತಿಲ್ಲ, ಹೂಳಬೇಕಾಗಿಯೂ ಇಲ್ಲ. ಸರಿಯಾದ ಜಾಗದಲ್ಲಿ ನಿಂತರೆ ಗುಡ್ಡ ಬುದ್ಧನಾಗುತ್ತದೆ, ಕಲ್ಲು ಸಾಲಾಗುತ್ತದೆ.

ಮನೆಗೆ ಬಂದು ಮಗಳ ನೋಟ್‌ಬುಕ್ ತೆರೆದೆ. ಅಂಕಿಗಳಿರಲಿಲ್ಲ. ಒಂದು ಗುಂಡುಕಲ್ಲಿನ ಚಿತ್ರ, ಅದರ ಹಿಂದೊಂದು ಪುಟ್ಟ ಹೆಜ್ಜೆಗುರುತು, ಕೆಳಗೆ ದಪ್ಪ ಅಕ್ಷರದಲ್ಲಿ: "ಇಲ್ಲೇ ನಿಂದ್ರಬೇಕು."