ಒಂದು ಕುರು, ನಾಲ್ಕು ಜನ, ಒಂದೇ ಟವೆಲ್

ಫೈನಲ್ ಇಯರ್‌ನಲ್ಲಿದ್ದಾಗ ನನ್ನ ತೊಡೆಯ ಮೇಲೆ ಕುರು ಎದ್ದಿತ್ತು. ಕಬಡ್ಡಿ ಆಡುವಾಗ ತರಚಿದ ಜಾಗ. ‘ಉಷ್ಣಕ್ಕೆ ಆಗಿರತ್ತೆ ಬಿಡು ಮಗಾ’ ಅಂದ ರೂಮ್‌ಮೇಟ್. ಮೆಡಿಕಲ್ ಶಾಪಿನಿಂದ ಅಮಾಕ್ಸಿಸಿಲಿನ್ ತಂದು ಎರಡು ದಿನ ನುಂಗಿದೆ. ಕುರು ಒಡೆದು ಕೀವು ಹೋಯ್ತು, ನೋವು ಇಳಿಯಿತು. ಉಳಿದ ಮಾತ್ರೆ ಡ್ರಾಯರ್ ಸೇರಿತು.

ಹತ್ತು ದಿನ ಕಳೆದಿರಬೇಕು, ಅವನ ಮೊಣಕಾಲಿನ ಹತ್ತಿರವೂ ಕುರು. ‘ತಗೋ, ನಂಗೆ ಇದ್ರಲ್ಲೇ ವಾಸಿಯಾಯ್ತು’ ಅಂತ ಮಿಕ್ಕ ಮಾತ್ರೆ ಕೊಟ್ಟೆ. ನಾಲ್ಕನೇ ದಿನ ಅವನಿಗೆ ಚಳಿಜ್ವರ. ಕಾಲು ಕೆಂಪಗೆ ಊದಿ ಮಡಚೋಕೇ ಆಗ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಆ ಸಲದ ಪರೀಕ್ಷೆ ಅವನ ಕೈತಪ್ಪಿತು.

ಡಾಕ್ಟರ್ ಕುರು ಕೊಯ್ದು ಕೀವು ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿದ್ದದ್ದು ಎಂಆರ್‌ಎಸ್‌ಎ. ಸ್ಟ್ಯಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ತೊಂದರೆ ಕೊಡದೆ ಇರುತ್ತದಂತೆ. ಚರ್ಮ ತರಚಿದರೆ ಒಳಗೆ ನುಗ್ಗುತ್ತದೆ. 1959ರಲ್ಲಿ ಮೆಥಿಸಿಲಿನ್ ಬಂತು; 1961ರಲ್ಲೇ ಅದಕ್ಕೆ ಬಗ್ಗದ ತಳಿ ಬ್ರಿಟನ್ನಿನಲ್ಲಿ ಸಿಕ್ಕಿತು. ಅದೇ ಎಂಆರ್‌ಎಸ್‌ಎ. ಅಮಾಕ್ಸಿಸಿಲಿನ್ ಇದಕ್ಕೆ ಲೆಕ್ಕಕ್ಕೇ ಇಲ್ಲ.

‘ಹಾಗಾದ್ರೆ ನಂಗೆ ಹೇಗೆ ವಾಸಿಯಾಯ್ತು ಸರ್?’ ಅಂದೆ. ‘ಕೀವು ಹೊರಗೆ ಹೋಯ್ತಲ್ಲಪ್ಪಾ, ಅದಕ್ಕೆ. ಮಾತ್ರೆಯಿಂದ ಅಂದ್ಕೊಂಡೆ ನೀನು’ ಅಂದರು. ಆಮೇಲೆ ಕೇಳಿದರು: ‘ರೂಮಲ್ಲಿ ಟವೆಲ್ ಎಷ್ಟಿದೆ?’

ನಾನು ತಲೆ ತಗ್ಗಿಸಿದೆ. ನಾಲ್ಕು ಜನ ಇದ್ದೆವು. ಹಗ್ಗದ ಮೇಲೆ ಕೈಗೆ ಸಿಕ್ಕಿದ್ದೇ ಟವೆಲ್. ರೇಜರ್, ನೀ ಕ್ಯಾಪ್ ಎಲ್ಲ ಹಂಚಿಕೊಂಡೇ ಬಳಸುತ್ತಿದ್ದೆವು. ಸೋಂಕು ನನ್ನಿಂದಲೇ ಹೋಯಿತು ಅನ್ನೋಕೆ ಪುರಾವೆ ಇಲ್ಲ. ಆದರೂ ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ಹಾಸ್ಟೆಲ್, ಪಿಜಿ, ಜಿಮ್ ಎಲ್ಲೇ ಇರಿ, ಇಷ್ಟು ಮಾಡಿ:

ಕುರುವನ್ನು ಹಿಸುಕಬೇಡಿ. ಗಾಯವನ್ನು ಒಣ, ಶುಚಿಯಾದ ಬ್ಯಾಂಡೇಜಿನಿಂದ ಪೂರ್ತಿ ಮುಚ್ಚಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಟವೆಲ್, ರೇಜರ್, ಸೋಪು, ನೀ ಕ್ಯಾಪ್ ಯಾರಿಗೂ ಕೊಡಬೇಡಿ, ತಗೋಬೇಡಿ. ‘ಬೇಡ’ ಅಂದರೆ ಸ್ನೇಹ ಹಾಳಾಗಲ್ಲ.

ಆಟ ಮುಗಿದ ಕೂಡಲೇ ಸ್ನಾನ ಮಾಡಿ. ಬಟ್ಟೆ ಚೆನ್ನಾಗಿ ಒಗೆದು ಪೂರ್ತಿ ಒಣಗಿಸಿ. ಗಾಯ ಒಸರುತ್ತಿದ್ದರೆ ಆಟಕ್ಕೆ ರಜೆ.

ಜ್ವರ ಬಂದರೆ, ಕೆಂಪು ಹರಡಿದರೆ, ಮುಖದ ಮೇಲೆ ಕುರು ಎದ್ದರೆ ಅಥವಾ ಶುಗರ್ ಇದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ. ಕೀವಿನ ಕಲ್ಚರ್ ಬೇಕಾ ಅಂತ ಕೇಳಿ.

ಕೊನೆಯದಾಗಿ, ನಿಮ್ಮ ಡ್ರಾಯರ್ ತೆಗೆದು ನೋಡಿ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ತಗೋಬಾರದು ಅಂತ ಅರ್ಥ. ಅಂಥದ್ದು ಅರ್ಧ ಉಳಿದಿದ್ದರೆ ಗೆಳೆಯನಿಗೆ ಮಾತ್ರ ಕೊಡಬೇಡಿ. ನಾನು ಕೊಟ್ಟಿದ್ದೆ, ಒಳ್ಳೇದಾಗಲಿ ಅಂತಲೇ.