ಕೊನೆಯ ಸಲಾಮಿಗೆ ಬಂದ ಡಕೋಟಾ

2021ರ ಫೆಬ್ರುವರಿ 27. ಇಂಗ್ಲೆಂಡಿನ ಬೆಡ್‌ಫರ್ಡ್‌ನ ಚಿತಾಗಾರದಲ್ಲಿ ಸೇರಿದ್ದು ಮನೆಯ ಎಂಟೇ ಜನ. ಕೋವಿಡ್ ಕಾಲವಾದ್ದರಿಂದ ಬೀಳ್ಕೊಡುಗೆಯನ್ನು ಚಿಕ್ಕದಾಗಿಯೇ ಇಟ್ಟಿದ್ದರು. ಯಾರ್ಕ್‌ಷೈರ್ ರೆಜಿಮೆಂಟಿನ ಆರು ಯೋಧರು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಹದಿನಾಲ್ಕು ಬಂದೂಕುಗಳು ಮೂರು ಸಲ ಗುಂಡು ಹಾರಿಸಿದವು. ಮೇಲೆ, ಎರಡು ಎಂಜಿನ್ನುಗಳ ಹಳೆಯ ಸಾಗಣೆ ವಿಮಾನವೊಂದು ಚಿತಾಗಾರದ ನೆತ್ತಿಯ ಮೇಲೆ ಹಾದುಹೋಯಿತು. ಅದು ಎರಡನೇ ಮಹಾಯುದ್ಧದ ಕಾಲದ ಡಕೋಟಾ. ಆ ಗೌರವ ಸಂದದ್ದು ನೂರು ವರ್ಷ ಬಾಳಿದ ಕ್ಯಾಪ್ಟನ್ ಟಾಮ್ ಮೂರ್ ಅವರಿಗೆ.

2020ರ ಲಾಕ್‌ಡೌನಿನಲ್ಲಿ ವಾಕರ್ ಹಿಡಿದು ಮನೆಯ ತೋಟದಲ್ಲಿ ನೂರು ಸಲ ನಡೆದು, ಆರೋಗ್ಯ ಸೇವೆಯವರ ನೆರವಿಗೆ ಮೂರು ಕೋಟಿ ಪೌಂಡಿಗೂ ಮಿಕ್ಕಿ ಹಣ ಕೂಡಿಸಿಕೊಟ್ಟ ಅಜ್ಜ ಎಂದೇ ಲೋಕ ಅವರನ್ನು ನೆನೆಯುತ್ತದೆ. ಅವರ ಯೌವನ ಕಳೆದದ್ದು ಮಾತ್ರ ನಮ್ಮ ಕಡೆ. ಮುಂಬೈಯಲ್ಲಿ ಹಡಗಿಳಿದು, ಪುಣೆ ಕಂಡು, ಕೊನೆಗೆ ಬರ್ಮಾದ ಅರಾಕಾನ್ ಕಾಡು ಸೇರಿದ ಸೈನಿಕ ಅವರು. ಆ ರಣಭೂಮಿಯಲ್ಲಿ ಡಕೋಟಾ ಎಂದರೆ ಅನ್ನ. 1944ರ ಫೆಬ್ರುವರಿಯಲ್ಲಿ ಜಪಾನೀಯರು ‘ಅಡ್ಮಿನ್ ಬಾಕ್ಸ್’ ಎಂಬ ನೆಲೆಯನ್ನು ಸುತ್ತುವರಿದರು. ಒಳಗಿದ್ದವರು ಹಿಂದೆ ಸರಿಯಲಿಲ್ಲ. ಊಟ, ಔಷಧ, ಮದ್ದುಗುಂಡುಗಳನ್ನು ಡಕೋಟಾಗಳು ಆಕಾಶದಿಂದ ಇಳಿಸಿದವು. ಭಾರತೀಯರೇ ಹೆಚ್ಚಾಗಿದ್ದ 14ನೇ ಸೇನೆ ಬರ್ಮಾವನ್ನು ಮರಳಿ ಗೆದ್ದದ್ದು ಈ ವಿಮಾನಗಳ ಬಲದಿಂದ. ಅರಾಕಾನಿನಿಂದ ಬಂದ ಯೋಧನನ್ನು ಬೀಳ್ಕೊಡಲು ಡಕೋಟಾಕ್ಕಿಂತ ಅರ್ಹ ವಿಮಾನ ಇನ್ನೊಂದಿಲ್ಲ.

ಅದನ್ನು ಕಳುಹಿಸಿಕೊಟ್ಟದ್ದು ‘ಬ್ಯಾಟಲ್ ಆಫ್ ಬ್ರಿಟನ್ ಮೆಮೋರಿಯಲ್ ಫ್ಲೈಟ್’. ಲಿಂಕನ್‌ಷೈರಿನ ಕನಿಂಗ್ಸ್‌ಬಿ ವಾಯುನೆಲೆಯಲ್ಲಿರುವ, ಬ್ರಿಟನ್ ವಾಯುಪಡೆಯದೇ ಒಂದು ಪುಟ್ಟ ಘಟಕ. 1957ರ ಜುಲೈನಲ್ಲಿ ಬಿಗ್ಗಿನ್ ಹಿಲ್ ನೆಲೆಯಲ್ಲಿ ಇದು ಹುಟ್ಟಿದಾಗ ಇದ್ದದ್ದು ಫೈಟರ್ ವಿಮಾನಗಳಾದ ಒಂದು ಹರಿಕೇನ್, ಮೂರು ಸ್ಪಿಟ್‌ಫೈರ್. ಜೆಟ್ ಯುಗ ಕಾಲಿಟ್ಟಿತ್ತು, ಯುದ್ಧ ಗೆದ್ದುಕೊಟ್ಟ ವಿಮಾನಗಳು ಗುಜರಿಗೆ ಹೋಗುತ್ತಿದ್ದವು. 1940ರ ‘ಬ್ಯಾಟಲ್ ಆಫ್ ಬ್ರಿಟನ್’ ವಾಯುಸಮರದಲ್ಲಿ ತಾವೇ ಹಾರಿದ್ದ ವಿಂಗ್ ಕಮಾಂಡರ್ ಪೀಟರ್ ಥಾಂಪ್ಸನ್ ಅವರಿಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ, ಈ ಘಟಕವನ್ನು ಕಟ್ಟಿದರು. ಆರಂಭದಲ್ಲಿ ಸರ್ಕಾರದ ಹಣವಿರಲಿಲ್ಲ. ಸ್ವಯಂಸೇವಕರೇ ವಿಮಾನಗಳನ್ನು ಸಂಭಾಳಿಸಿದರು.

ಅಡೆತಡೆಗಳು ಬೇಕಾದಷ್ಟು ಬಂದವು. 1959ರ ಸೆಪ್ಟೆಂಬರಿನಲ್ಲಿ ಎಂಜಿನ್ ಕೈಕೊಟ್ಟ ಸ್ಪಿಟ್‌ಫೈರ್ ಒಂದು ಬ್ರಾಮ್ಲಿಯ ಕ್ರಿಕೆಟ್ ಮೈದಾನದಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಆಟಗಾರರು ಚಹಾಕ್ಕೆಂದು ಹೊರಗಿದ್ದುದರಿಂದ ಯಾರಿಗೂ ಅಪಾಯವಾಗಲಿಲ್ಲ. 1991ರಲ್ಲಿ ಎಲ್‌ಎಫ್ 363 ಸಂಖ್ಯೆಯ ಹರಿಕೇನ್ ತುರ್ತಾಗಿ ಇಳಿಯುವಾಗ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟುವ ಖರ್ಚಿಗಾಗಿ ಘಟಕ ತನ್ನದೊಂದು ಸ್ಪಿಟ್‌ಫೈರನ್ನೇ ಮಾರಿತು. 1998ರಲ್ಲಿ ಎಲ್‌ಎಫ್ 363 ಮತ್ತೆ ಹಾರಿತು.

ಇಲ್ಲಿನ ಪಿ7350 ಸ್ಪಿಟ್‌ಫೈರ್ 1940ರ ಆ ಕದನದಲ್ಲೇ ಹೋರಾಡಿದ್ದು, ಇಂದಿಗೂ ಹಾರಬಲ್ಲದು. ಲ್ಯಾಂಕಾಸ್ಟರ್ ಬಾಂಬರುಗಳು ತಯಾರಾದದ್ದು 7,377. ಹಾರುವ ಸ್ಥಿತಿಯಲ್ಲಿ ಉಳಿದವು ಎರಡೇ, ಒಂದು ಇಲ್ಲಿ, ಇನ್ನೊಂದು ಕೆನಡಾದ ಹ್ಯಾಮಿಲ್ಟನ್‌ನಲ್ಲಿ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಮಡಿದವರ ಸಂಖ್ಯೆ 55,573. ನಾಲ್ಕು ಮರ್ಲಿನ್ ಎಂಜಿನ್ನುಗಳ ಆ ಗುಡುಗನ್ನು ಕೇಳಿದಾಗ ಮುದುಕರ ಕಣ್ಣು ಯಾಕೆ ತುಂಬುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಡಕೋಟಾ 1993ರಲ್ಲಿ ಬಂತು. ಲ್ಯಾಂಕಾಸ್ಟರ್ ಹಾರಿಸುವವರ ತರಬೇತಿಗೆಂದು ತಂದದ್ದು, ಕ್ರಮೇಣ ತಾನೇ ಗೌರವ ಹಾರಾಟಗಳಿಗೆ ಹೊರಟಿತು.

ಫೈಟರ್‌ಗಳನ್ನು ಹಾರಿಸುವವರಲ್ಲಿ ಘಟಕದ ಮುಖ್ಯಸ್ಥರನ್ನು ಬಿಟ್ಟರೆ ಉಳಿದವರಿಗೆ ಇದು ಬಿಡುವಿನ ಕೆಲಸ. ವಾರವೆಲ್ಲ ಟೈಫೂನ್ ಜೆಟ್ ಹಾರಿಸಿದ ಪೈಲಟ್ ಇಲ್ಲಿಗೆ ಬಂದು, ಕಂಪ್ಯೂಟರ್ ಇಲ್ಲದ, ಬಾಲದ ಮೇಲೆ ಕುಳಿತು ಮೂಗೆತ್ತಿ ನಿಲ್ಲುವ ವಿಮಾನವನ್ನು ಕೈಯಲ್ಲೇ ಪಳಗಿಸಬೇಕು. ಗಾಳಿ ಅಡ್ಡ ಬೀಸಿದರೆ ಕಷ್ಟ, ಮೋಡ ತಗ್ಗಿದರೆ ಹಾರಾಟವೇ ರದ್ದು. ಎಂಜಿನ್ನುಗಳನ್ನು ತುಂಬ ಲೆಕ್ಕವಿಟ್ಟು ಬಳಸುವುದರಿಂದ, ಕೇಳಿದವರಿಗೆಲ್ಲ ಹಾರಲು ಆಗುವುದಿಲ್ಲ. ಕೆಳಗೆ ಪ್ರಾರ್ಥನೆ ಐದು ನಿಮಿಷ ತಡವಾದೀತು, ಮೇಲಿನ ವಿಮಾನ ಕಾಯುತ್ತ ನಿಲ್ಲಲಾರದು. ಹಾಗಾಗಿ ಹೊರಡುವ ಹೊತ್ತನ್ನು ತಲುಪಬೇಕಾದ ಕ್ಷಣದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡುತ್ತಾರೆ. ಕೆಲವೇ ಸೆಕೆಂಡುಗಳ ದರ್ಶನಕ್ಕೆ ಮೆಕ್ಯಾನಿಕ್‌ಗಳ ತಿಂಗಳುಗಟ್ಟಲೆಯ ದುಡಿಮೆ ಇರುತ್ತದೆ.

ಪ್ರಾಣವನ್ನೂ ಪಣಕ್ಕಿಡಬೇಕಾಗುತ್ತದೆ. 2024ರ ಮೇ 25ರಂದು ಕನಿಂಗ್ಸ್‌ಬಿ ಬಳಿ ಸ್ಪಿಟ್‌ಫೈರ್ ಪತನವಾಗಿ ಸ್ಕ್ವಾಡ್ರನ್ ಲೀಡರ್ ಮಾರ್ಕ್ ಲಾಂಗ್ ತೀರಿಕೊಂಡರು. ಘಟಕ ಕೆಲಕಾಲ ಹಾರಾಟ ನಿಲ್ಲಿಸಿತು.

ಆಕಾಶದಿಂದ ಸಲ್ಲುವ ಗೌರವಕ್ಕೆ ಬೇರೆ ರೂಪಗಳೂ ಇವೆ. 1965ರಲ್ಲಿ ಚರ್ಚಿಲ್ ಅಂತ್ಯಯಾತ್ರೆಯ ವೇಳೆ ಥೇಮ್ಸ್ ನದಿಯ ಮೇಲೆ ಹಾರಿದ್ದು 16 ಲೈಟ್ನಿಂಗ್ ಜೆಟ್‌ಗಳು. 2017ರ ಸೆಪ್ಟೆಂಬರಿನಲ್ಲಿ ದೆಹಲಿಯ ಬ್ರಾರ್ ಸ್ಕ್ವೇರಿನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ನಮ್ಮ ವಾಯುಪಡೆಯ ಮಾರ್ಷಲ್ ಅರ್ಜನ್ ಸಿಂಗ್ ಅವರಿಗೆ ಸುಖೋಯ್ ಜೆಟ್‌ಗಳು ವಂದಿಸಿದವು. 1944ರಲ್ಲಿ ಇಂಫಾಲದ ಮೇಲೆ ಅವರ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನು. ಅವರನ್ನು ಬೀಳ್ಕೊಟ್ಟ ದಿನ ನಮ್ಮಲ್ಲಿ ಒಂದಾದರೂ ಹರಿಕೇನ್ ಹಾರುವ ಸ್ಥಿತಿಯಲ್ಲಿದ್ದಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ.

ನಮ್ಮ ವಾಯುಪಡೆಯಲ್ಲೂ ಹಳೆಯ ವಿಮಾನಗಳ ಘಟಕವಿದೆ. ದೆಹಲಿ ಸಮೀಪದ ಹಿಂಡನ್‌ನಲ್ಲಿ ಟೈಗರ್ ಮಾತ್, ಹಾರ್ವರ್ಡ್‌ಗಳ ಜೊತೆಗೆ 2018ರಲ್ಲಿ ಒಂದು ಡಕೋಟಾ ಸೇರಿತು. ಡಕೋಟಾ ಪೈಲಟ್ ಆಗಿದ್ದ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ, ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಕೊಟ್ಟದ್ದು. ಹೆಸರು ‘ಪರಶುರಾಮ’, ಮೈಮೇಲಿನ ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಮೊದಲ ಡಕೋಟಾದ ಸಂಖ್ಯೆ ಅದು.

ಅರಾಕಾನಿನ ಕಥೆ ಕನ್ನಡ ನಾಡಿಗೂ ಹತ್ತಿರದ್ದು. ಕೊಡಗಿನ ಕಾರ್ಯಪ್ಪ ಅಲ್ಲಿ 26ನೇ ಭಾರತೀಯ ಡಿವಿಜನ್ನಿನ ಅಧಿಕಾರಿಯಾಗಿದ್ದರು. ತಿಮ್ಮಯ್ಯ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ನಡೆಸಿದರು. ಯುದ್ಧಕಾಲದ ವಿಮಾನಗಳನ್ನು ದುರಸ್ತಿ ಮಾಡಿದ ಕಾರ್ಖಾನೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಆ ಯುದ್ಧ ಕಂಡವರು ಈಗ ನೂರರ ಆಸುಪಾಸಿನಲ್ಲಿದ್ದಾರೆ. ಗಣರಾಜ್ಯೋತ್ಸವ, ವಾಯುಪಡೆ ದಿನಾಚರಣೆಗಳ ಆಚೆಗೂ ‘ಪರಶುರಾಮ’ನಿಗೆ ಕೆಲಸ ಕೊಡಬೇಕಾದದ್ದು ಈಗಲೇ. ಮಡಿಕೇರಿಯಲ್ಲೋ ಸಂಗೊಳ್ಳಿಯಲ್ಲೋ ಹಳೆಯ ಸಿಪಾಯಿಯೊಬ್ಬರು ಕಣ್ಣು ಮುಚ್ಚಿದರೆ, ಅವರ ಊರಿನ ಮೇಲೆ ಆ ವಿಮಾನ ಒಂದು ಸಲ ಹಾದುಬರುವಂತೆ ವಾಯುಪಡೆ ಏರ್ಪಾಡು ಮಾಡಲಿ.